ನನ್ನ ಹುಟ್ಟಿದ ದಿನದ ನೀರಿನ ಮಟ್ಟ

ಕಾಲೇಜಿನಲ್ಲಿ ನನಗೆ ‘ಕತ್ತರಿ’ ಎಂದು ಅಡ್ಡಹೆಸರಿದೆ. ಎದುರಿಗೆ ಯಾರೂ ಹೇಳುವುದಿಲ್ಲ, ಬೆನ್ನ ಹಿಂದೆ ಬಿಡುವವರಿಲ್ಲ. ಹೆಸರು ಬಂದದ್ದು ನಾನು ಮಾಡುವ ಇನ್ನೊಂದು ಕೆಲಸದಿಂದ. ವಿದ್ವತ್ ಗ್ರಂಥಗಳನ್ನು ತರುವ ಪ್ರಕಾಶನದವರು ಒಂದು ಹಸ್ತಪ್ರತಿಯನ್ನು ಅಚ್ಚಿಗೆ ಕಳಿಸುವ ಮುಂಚೆ ಆ ವಿಷಯ ಬಲ್ಲ ಇಬ್ಬರಿಗೆ ಗುಟ್ಟಾಗಿ ಓದಲು ಕೊಡುತ್ತಾರೆ. ಬರೆದವರು ಯಾರೆಂದು ಓದುವವರಿಗೆ ತಿಳಿಯಬಾರದು, ಓದಿದವರು ಯಾರೆಂದು ಬರೆದವರಿಗೂ ತಿಳಿಯಬಾರದು. ಸಾಮಾನ್ಯವಾಗಿ ಒಬ್ಬರು ಬೆನ್ನು ತಟ್ಟುತ್ತಾರೆ, ಇನ್ನೊಬ್ಬರು ತಪ್ಪು ಹೆಕ್ಕುತ್ತಾರೆ. ನಾನು ಆ ಇನ್ನೊಬ್ಬಳು. ಇದಕ್ಕೆ ಪ್ರತಿಫಲವಾಗಿ ಸಿಗುವುದು ಅವರ ಅಂಗಡಿಯ ಒಂದೆರಡು ಪುಸ್ತಕ ಮತ್ತು ಬರೆದವರ ಹಿಡಿಶಾಪ. ಶಾಪಕ್ಕೆ ನನ್ನ ವಿಳಾಸ ಗೊತ್ತಿಲ್ಲ ಎಂಬುದೊಂದೇ ಸಮಾಧಾನ.

ಕೆರೆಗಳ ನೀರು ನನ್ನ ವಿಷಯ. ಅದು ಅಪ್ಪನಿಂದ ಬಂದ ಆಸ್ತಿ. ಅಪ್ಪ ವಯಸ್ಸಿನಲ್ಲಿದ್ದಾಗ ಒಂದು ದೊಡ್ಡ ಕೆರೆಯ ದಂಡೆಯಲ್ಲಿದ್ದ ಅಳತೆ ಕೇಂದ್ರದಲ್ಲಿ ಒಬ್ಬರೇ ಕೆಲಸಕ್ಕಿದ್ದರು. ದಿನಾ ಬೆಳಕು ಹರಿಯುವ ಹೊತ್ತಿಗೆ ಮೆಟ್ಟಿಲಿಳಿದು ಹೋಗಿ, ನೀರಿನಲ್ಲಿ ನೆಟ್ಟ ಅಳತೆಗೋಲಿನ ಎದುರು ಕೂತು, ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ ಬರೆದುಕೊಳ್ಳುವುದು ಅವರ ಕೆಲಸ. ಮುಂದೆ ಆ ಅಳತೆಗಳನ್ನೇ ಇಟ್ಟುಕೊಂಡು ಅವರು ಬರೆದ ಪುಸ್ತಕವನ್ನು ಈಗಲೂ ನಮ್ಮಲ್ಲಿ ಹೊಸ ವಿದ್ಯಾರ್ಥಿಗಳಿಗೆ ಮೊದಲು ಓದಿಸುತ್ತೇವೆ. ‘ಈ ಕೆರೆಯನ್ನು ನಾನು ಒಂದು ದಿನವೂ ತಪ್ಪಿಸದೆ ನೋಡಿದ್ದೇನೆ’ ಎಂಬುದು ಅದರ ಮೊದಲ ವಾಕ್ಯ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಆ ವಾಕ್ಯವನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಓದುವಾಗ ದನಿ ಸ್ವಲ್ಪ ದಪ್ಪವಾಗುತ್ತದೆ, ತಡೆಯಲಾಗುವುದಿಲ್ಲ.

ಕೆರೆ ಬಿಟ್ಟರೂ ಅಪ್ಪನ ಚಟ ಬಿಟ್ಟಿಲ್ಲ. ನಾನಿರುವ ಕಟ್ಟಡದಲ್ಲೇ, ನನ್ನ ಕೆಳಗಿನ ಮಹಡಿಯಲ್ಲಿ, ಅಪ್ಪ ಅಮ್ಮ ಇದ್ದಾರೆ. ಎಲ್ಲ ಮನೆಗಳಿಗೂ ನೀರು ಹೋಗುವ ನೆಲದ ತೊಟ್ಟಿಗೆ ದಿನಾ ಬೆಳಗ್ಗೆ ಕೋಲು ಇಳಿಸಿ ನೋಡಿ, ಗೇಟಿನ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮಟ್ಟ ಬರೆಯುತ್ತಾರೆ. ಯಾರೂ ಅವರನ್ನು ಕೇಳಿಕೊಂಡಿಲ್ಲ. ಆದರೆ ಆ ಹಲಗೆ ನೋಡಿಕೊಂಡೇ ಬಟ್ಟೆ ನೆನೆಸುವ ಮನೆಗಳಿವೆ. ಮಕ್ಕಳು ಅವರನ್ನು ತೊಟ್ಟಿ ತಾತ ಎನ್ನುತ್ತಾರೆ, ಅವರಿಗೂ ಅದು ಖುಷಿಯೇ.

ಪ್ರಕಾಶನದ ಸಂಪಾದಕಿ ಹೊಸ ಹಸ್ತಪ್ರತಿ ಕಳಿಸುವ ಮುಂಚೆ ಫೋನ್ ಮಾಡಿದರು. ಮಾತಿಗೆ ಮುಂಚೆ ಒಮ್ಮೆ ಕೆಮ್ಮುವ ಅಭ್ಯಾಸ ಅವರಿಗೆ.

“ಕೆರೆ ಬಗ್ಗೆ ಇದೆ ಮೇಡಂ. ನಿಮ್ಮನ್ನ ಬಿಟ್ಟು ಬೇರೆ ಯಾರಿಗೆ ಕೊಡಲಿ? ಮೊದಲನೆಯವರು ಆಗಲೇ ಓದಿ ಕಳಿಸಿಬಿಟ್ಟಿದ್ದಾರೆ.”

“ಏನಂದ್ರು?”

“ಅರ್ಧ ಪುಟ ಹೊಗಳಿಕೆ. ಓದಿದ್ದಾರೋ, ತಿರುವಿ ಹಾಕಿದ್ದಾರೋ, ದೇವರಿಗೇ ಗೊತ್ತು.”

ಬರೆದವರು ನಿಮಗೆ ಬಂಧುವೇ, ಶಿಷ್ಯರೇ, ಸಹೋದ್ಯೋಗಿಯೇ ಎಂದು ಜೊತೆಗಿದ್ದ ನಮೂನೆ ಕೇಳಿತ್ತು. ಯಾರೆಂದೇ ನನಗೆ ಗೊತ್ತಿರಲಿಲ್ಲ. ಇಲ್ಲ, ಇಲ್ಲ, ಇಲ್ಲ ಎಂದು ಬರೆದು ಓದಲು ಕೂತೆ.

ಕೆರೆ ಅಪ್ಪನದೇ ಆಗಿತ್ತು. ಅಪ್ಪನ ಪುಸ್ತಕದಲ್ಲಿ ಅಚ್ಚಾಗಿದ್ದದ್ದು ತಿಂಗಳ ಸರಾಸರಿ ಮಾತ್ರ. ದಿನದಿನದ ಅಳತೆಗಳು ಆ ಅಳತೆ ಕೇಂದ್ರ ನಡೆಸುತ್ತಿದ್ದ ಸಂಸ್ಥೆಯ ಉಗ್ರಾಣದಲ್ಲಿ ದೂಳು ತಿನ್ನುತ್ತಿದ್ದವು. ಈ ಪುಣ್ಯಾತ್ಮರು ಅವನ್ನೆಲ್ಲ ಹೊರಗೆ ತೆಗೆದು, ಒಂದೊಂದು ದಿನವನ್ನೂ ಹವಾಮಾನದ ದಾಖಲೆಯ ಪಕ್ಕದಲ್ಲಿಟ್ಟು ನೋಡಿದ್ದರು. ಅದರಲ್ಲೊಂದು ವಿಚಿತ್ರ ಸಿಕ್ಕಿತ್ತು. ಬಹಳ ಹಿಂದಿನ ಒಂದು ಬೇಸಿಗೆ, ಅಂಥ ಉರಿ ಮತ್ತೆಂದೂ ಬಂದಿಲ್ಲವಂತೆ. ಸುತ್ತಲಿನ ಕೆರೆಗಳೆಲ್ಲ ಸರಸರ ಇಳಿದು, ಕೊನೆಗೊಂದು ದೊಡ್ಡ ಮಳೆ ಬಂದು ಮತ್ತೆ ಏರಿದ್ದವು. ಈ ಕೆರೆ ಮಾತ್ರ ಆ ಬಿಸಿಲಿಗೂ ಹೆದರದೆ, ಆ ಮಳೆಗೂ ಹಿಗ್ಗದೆ, ನೂಲು ಹಿಡಿದ ಹಾಗೆ ದಿನಕ್ಕೆ ಒಂದೇ ಅಳತೆ ಇಳಿದಿತ್ತು. ಮಳೆ ಈ ಕೆರೆಯ ಮೇಲೆ ಬಿದ್ದಿರಲಾರದು, ಬಿಸಿಲು ಹೀರಿದ ನೀರನ್ನು ಯಾವುದೋ ಒರತೆ ಕೆಳಗಿನಿಂದ ತುಂಬಿಕೊಡುತ್ತಿತ್ತು ಎಂಬುದು ಪುಸ್ತಕದ ವಾದ. ಇಡೀ ಪುಸ್ತಕ ಆ ಒಂದು ಒರತೆಯ ಮೇಲೆ ನಿಂತಿತ್ತು. ಒರತೆ ಇರುವುದರಿಂದ ಬೇಸಿಗೆಯಲ್ಲಿ ಈ ಕೆರೆಯಿಂದ ಊರಿಗೆ ಇನ್ನೂ ಹೆಚ್ಚು ನೀರೆತ್ತಬಹುದು ಎಂದು ಕೊನೆಯ ಅಧ್ಯಾಯ ಸಲಹೆ ಕೊಟ್ಟಿತ್ತು.

ನನಗೆ ಬಹಳ ಹಿಡಿಸಿತು. ಬರವಣಿಗೆಯಲ್ಲಿ ಆಡಂಬರವಿರಲಿಲ್ಲ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯವಿತ್ತು. ಈ ಸಲ ಕತ್ತರಿಯನ್ನು ಒಳಗಿಟ್ಟು ಹೊಗಳಿಬಿಡೋಣ ಎಂದುಕೊಂಡೆ. ಅಪ್ಪ ಕೂತು ಅಳೆದ ನೀರು ಇಷ್ಟು ವರ್ಷದ ಮೇಲೆ ಯಾರಿಗೋ ಮಾತಾಡಿತಲ್ಲ ಎಂದು ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಆ ಸಂತೋಷದಲ್ಲೇ ಒಂದು ಮಕ್ಕಳಾಟಿಕೆಯ ಕೆಲಸ ಮಾಡಿದೆ. ಹಿಂದಿನ ಅನುಬಂಧದಲ್ಲಿ ಆ ವರ್ಷದ ದಿನದಿನದ ಮಟ್ಟವೆಲ್ಲ ಇತ್ತು. ಅದರಲ್ಲಿ ನನ್ನ ಹುಟ್ಟಿದ ದಿನ ಹುಡುಕಿದೆ. ನನಗೆ ಹತ್ತು ತುಂಬಿದ ದಿನ ಅಪ್ಪ ಅಳೆದ ನೀರೆಷ್ಟು ಎಂದು ನೋಡುವ ಆಸೆ. ಸಿಕ್ಕಿತು. ಅಂದು ಬೆಳಗಿನ ಮಟ್ಟ, ಅಪ್ಪನ ಲೆಕ್ಕದ ಶೈಲಿಯಲ್ಲಿ, ಕೊನೆಯ ಕೂದಲೆಳೆಯವರೆಗೆ ಬರೆದಿತ್ತು.

ಒಂದು ಕ್ಷಣ ನಗುತ್ತ ನೋಡಿದೆ. ಆಮೇಲೆ ತಾರೀಖನ್ನು ಮತ್ತೊಮ್ಮೆ ಓದಿದೆ.

ನನಗೆ ಹತ್ತು ತುಂಬಿದ ದಿನ ಅಪ್ಪ ಕೆರೆಯ ಹತ್ತಿರ ಇರಲಿಲ್ಲ. ನನ್ನ ಹತ್ತಿರ ಇದ್ದರು.

ಆ ಬೇಸಿಗೆಯಲ್ಲಿ ನನಗೆ ಟೈಫಾಯ್ಡ್ ಬಂದಿತ್ತು. ಕೆರೆಯಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿದ್ದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಅಮ್ಮ ಆಗಷ್ಟೇ ತಮ್ಮನನ್ನು ಹೆತ್ತು ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ನನ್ನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಪೇಪರು ಹಾಸಿಕೊಂಡು ವಾರಗಟ್ಟಲೆ ಮಲಗಿದವರು ಅಪ್ಪ. ಗಂಜಿ ಕುಡಿಸಿದವರು, ಬಟ್ಟೆ ಬದಲಾಯಿಸಿದವರು ಅಪ್ಪ. ಬಿಳಿ ಬೇಸಿನ್ನಿನಲ್ಲಿ ನೀರು ತುಂಬಿ, ಅದರಲ್ಲಿ ಶಾಲೆಯ ಸ್ಕೇಲು ನಿಲ್ಲಿಸಿ, “ಇದು ನಿನ್ನ ಕೆರೆ, ದಿನಾ ನೋಡಿ ಹೇಳು” ಎಂದು ನನಗೊಂದು ಕೆಲಸ ಕೊಟ್ಟವರೂ ಅಪ್ಪನೇ. ನನ್ನ ಹುಟ್ಟಿದ ದಿನ ಸಂಜೆ ದೊಡ್ಡ ಮಳೆ ಬಂತು. ಕಿಟಕಿ ಪಟಪಟ ಬಡಿದು ನನ್ನ ಹೊದಿಕೆಯೆಲ್ಲ ಒದ್ದೆಯಾಯಿತು. ಅಪ್ಪ ಓಡಿ ಕಿಟಕಿ ಹಾಕಿದರು. “ಕೆರೆಗೆ ಎಷ್ಟು ನೀರು ಬಂದಿರತ್ತೆ ಅಪ್ಪ?” ಎಂದು ಕೇಳಿದ್ದೆ. “ಹೋಗಿ ನೋಡಿದ್ರೆ ತಾನೆ ಗೊತ್ತಾಗೋದು? ನಾನಿಲ್ಲಿದ್ದೀನಲ್ಲ” ಅಂದಿದ್ದರು.

ಮಾತು ಕಡಿಮೆಯ, ಮುದ್ದು ಮಾಡಲು ಬಾರದ ಮನುಷ್ಯ ನನ್ನ ಅಪ್ಪ. ಅವರು ನನ್ನನ್ನು ಎಷ್ಟು ಪ್ರೀತಿಸುತ್ತಾರೆ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಅದೊಂದೇ. ಅದನ್ನು ಬಚ್ಚಿಟ್ಟುಕೊಂಡು ಬೆಳೆದವಳು ನಾನು. ಮನೆಯಲ್ಲಿ ಆಸ್ಪತ್ರೆಯ ಮಾತು ಬಂದರೆ ಅಪ್ಪ ಎದ್ದು ಹೋಗುತ್ತಿದ್ದರು. ನಾಚಿಕೆ ಎಂದುಕೊಂಡಿದ್ದೆ. ಈಗ ಆ ಸಾಲುಗಳ ಮೇಲೆ ಬೆರಳಿಟ್ಟು ಕೂತಾಗ ಎಲ್ಲ ತಿಳಿಯಿತು. ಆಸ್ಪತ್ರೆಗೆ ಸೇರುವ ಮುಂಚಿನ ಮಟ್ಟ ನಿಜ, ಹಿಂದಿರುಗಿ ಬಂದ ಮೇಲಿನ ಮಟ್ಟವೂ ನಿಜ. ನಡುವಿನದನ್ನು ಅಪ್ಪ ಕೂತಲ್ಲೇ ಸಮನಾಗಿ ಹಂಚಿ ತುಂಬಿದ್ದರು. ಇಳಿದ ನೀರೂ ಅದರಲ್ಲಿರಲಿಲ್ಲ, ಮಳೆಗೆ ಏರಿದ ನೀರೂ ಇರಲಿಲ್ಲ. ನೂಲು ಹಿಡಿದ ಹಾಗೆ ಇದ್ದದ್ದು ಕೆರೆಯಲ್ಲ, ಅಪ್ಪನ ಕೈ. ಇಲ್ಲದ ಒರತೆಯ ನೀರನ್ನು ಒಂದು ಊರು ಎತ್ತಿ ಕುಡಿಯಲು ಹೊರಟಿತ್ತು.

ಮರುದಿನ ಸಂಜೆ ಕೆಳಗಿಳಿದು ಹೋದೆ. ಹಸ್ತಪ್ರತಿಯ ವಿಷಯ ಬಾಯಿ ಬಿಡುವ ಹಾಗಿಲ್ಲ, ಅದು ಈ ಕೆಲಸದ ಮೊದಲ ಕಟ್ಟಳೆ. ಅಮ್ಮ ಊಟದ ಮೇಜಿನ ಮೇಲೆ ಬಟ್ಟೆ ಮಡಿಸುತ್ತಿದ್ದಳು. ಅಪ್ಪ ಭೂತಗನ್ನಡಿ ಹಿಡಿದು ಪೇಪರಿನ ಹವಾಮಾನದ ಮೂಲೆ ಓದುತ್ತಿದ್ದರು.

“ಅಪ್ಪ, ನನಗೆ ಟೈಫಾಯ್ಡ್ ಬಂದ ವರ್ಷ ಕೆರೆ ಅಳತೆ ಯಾರು ತಗೊಂಡ್ರು?”

ಭೂತಗನ್ನಡಿ ಪೇಪರಿನ ಮೇಲೆ ನಿಂತಿತು.

“ಯಾರದೋ ಪುಸ್ತಕ ಓದ್ತಿದ್ದೀಯ” ಅಂದರು.

“ಹೇಳೋ ಹಾಗಿಲ್ಲ.”

“ಸರಿ, ಹೇಳಬೇಡ.” ಭೂತಗನ್ನಡಿಯನ್ನು ಅಂಗಿಯ ತುದಿಗೆ ಒರೆಸಿ, “ಇನ್ಯಾರು ತಗೋತಾರೆ? ನಾನೇ ತಗೊಂಡೆ” ಅಂದರು.

“ನೀವು ನನ್ನ ಜೊತೆ ಆಸ್ಪತ್ರೇಲಿ ಇದ್ರಲ್ಲ.”

“ಬಂದು ಹೋಗ್ತಿದ್ದೆ. ಇದ್ದದ್ದು ನಿಮ್ಮ ಮಾವ. ನಿನಗೆ ಜ್ವರ ತಲೆಗೇರಿತ್ತು, ಯಾರು ಏನು ಅಂತ ನಿನಗೇನು ಗೊತ್ತು?”

“ಬೇಸಿನ್ನಿನಲ್ಲಿ ಸ್ಕೇಲು ನಿಲ್ಲಿಸಿದ್ದು?”

“ಮಾವನೇ ಇರಬೇಕು” ಎಂದು ಅಪ್ಪ ಮತ್ತೆ ಪೇಪರಿಗೆ ಬಗ್ಗಿದರು.

ನಾನು ಎಂಥೆಂಥ ಸುಳ್ಳು ಲೆಕ್ಕಗಳನ್ನು ಹಿಡಿದವಳು. ಆದರೆ ಹೀಗೆ ಎದುರಿಗೆ ಕೂತು ನನ್ನ ಬಾಲ್ಯವನ್ನೇ ಕಿತ್ತುಕೊಂಡವರನ್ನು ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. “ಮಾವ ಅಂತೆ ಮಾವ!” ಎಂದು ಕೂಗಿ, ಕುರ್ಚಿಯನ್ನು ಹಿಂದಕ್ಕೆ ನೂಕಿ, ಮೇಲೆ ಬಂದುಬಿಟ್ಟೆ. ಮೆಟ್ಟಿಲಲ್ಲಿ ನಿಂತು ಅತ್ತೆ. ಈ ವಯಸ್ಸಿನಲ್ಲಿ ಮೆಟ್ಟಿಲಲ್ಲಿ ನಿಂತು ಅಳುವುದು ಏನು ಚೆಂದ!

ಸ್ವಲ್ಪ ಹೊತ್ತಿಗೆ ಮಡಿಸಿದ ಬಟ್ಟೆಯ ನೆಪ ಹಿಡಿದುಕೊಂಡು ಅಮ್ಮ ಮೇಲೆ ಬಂದಳು. ಅದರಲ್ಲಿ ನನ್ನದೊಂದೂ ಇರಲಿಲ್ಲ.

“ನಿಮ್ಮ ಮಾವ ಆಸ್ಪತ್ರೆ ವಾಸನೆಗೇ ತಲೆ ತಿರುಗಿ ಬೀಳೋನು” ಅಂದಳು ಕೂರುವ ಮುಂಚೆಯೇ. “ಒಂದೇ ಒಂದು ದಿನ ನಿನ್ನ ನೋಡೋಕೆ ಹೋದ. ಬಾಗಿಲಲ್ಲೇ ಕುಸಿದು ಬಿದ್ದ. ನರ್ಸುಗಳು ನಿನ್ನ ಬಿಟ್ಟು ಅವನಿಗೆ ನೀರು ಚಿಮುಕಿಸಿದ್ರಂತೆ.”

ನನಗೆ ಅಳುವಿನ ನಡುವೆ ನಗು ಬಂತು.

“ಮತ್ತೆ ಅಪ್ಪ ಯಾಕಮ್ಮ ಹಾಗಂದ್ರು?”

“ಅವರಿಗೆ ಇರೋದೇ ಆ ಪುಸ್ತಕ. ಅದರಲ್ಲಿ ಒಂದು ದಿನವೂ ತಪ್ಪಿಸಿಲ್ಲ ಅಂತ ಬರೆದುಕೊಂಡು ಬಿಟ್ಟಿದ್ದಾರೆ.” ಅಮ್ಮ ಬಟ್ಟೆಯ ಅಂಚನ್ನು ತಿದ್ದುತ್ತಲೇ ಇದ್ದಳು. “ನೀನು ಅದೇನು ಓದ್ತಿದ್ದೀಯೋ ನನಗೆ ಬೇಡ. ಆದ್ರೆ ಮಗಳೇ, ಅವರ ಹೆಸರಿಗೆ ಮಸಿ ಬಳಿಯೋ ಕೆಲಸ ನಿನ್ನ ಕೈಲಿ ಆಗೋದು ಬೇಡ. ಬೇರೆ ಯಾರಾದ್ರೂ ಮಾಡ್ಲಿ. ನೀನು ಬಿಟ್ಟುಬಿಡು.”

ಬಿಟ್ಟುಬಿಡುವುದು ನನಗೂ ಸುಲಭವಾಗಿ ಕಂಡಿತು. ಮರುದಿನ ಕಾಲೇಜಿಗೆ ಹೊರಟಾಗ ಗೇಟಿನ ಪಕ್ಕದ ಹಲಗೆ ಖಾಲಿ ಇತ್ತು. ಹಿಂದಿನ ದಿನದ್ದನ್ನು ಒರೆಸಿದ್ದರು, ಹೊಸದು ಬರೆದಿರಲಿಲ್ಲ. ಮೊದಲ ಮಹಡಿಯ ಹೆಂಗಸು ಬಕೆಟ್ಟು ಹಿಡಿದುಕೊಂಡು, “ತಾತನಿಗೆ ಹುಷಾರಿಲ್ವಾ?” ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ.

ಕಾಲೇಜಿನ ಖಾಲಿ ಕೋಣೆಯೊಂದರ ಬಾಗಿಲು ಹಾಕಿಕೊಂಡು ಸಂಪಾದಕಿಗೆ ಫೋನ್ ಮಾಡಿದೆ. ಈ ಹಸ್ತಪ್ರತಿ ನನ್ನಿಂದಾಗುವುದಿಲ್ಲ, ಬೇರೆಯವರಿಗೆ ಕೊಡಿ ಎಂದೆ.

“ಬರೆದವರು ಗೊತ್ತಾ ನಿಮಗೆ?”

“ಇಲ್ಲ. ಬರೆದವರು ಯಾರ ಅಳತೆ ನಂಬಿಕೊಂಡಿದ್ದಾರೋ ಅವರು ಗೊತ್ತು. ಆ ಕೆರೆ ಅಳೆದವರು ನಮ್ಮಪ್ಪ.”

ಆ ಕಡೆ ಕೆಮ್ಮು ಕೇಳಿಸಿತು. ನಮೂನೆಯಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ ಎಂದು ನಾನು ಸಮಜಾಯಿಷಿ ಹೇಳಲು ಹೊರಟೆ. ಅವರು ತಡೆದರು.

“ಅಳತೆಯಲ್ಲಿ ಏನೋ ಕಂಡಿದೆ ನಿಮಗೆ. ಇಲ್ಲಾಂದ್ರೆ ಫೋನ್ ಮಾಡ್ತಿರಲಿಲ್ಲ. ಏನು ಅಂತ ನಾನು ಕೇಳಲ್ಲ. ನೀವು ಹಿಂದೆ ಸರಿಯೋದು ನಿಮ್ಮ ಹಕ್ಕು. ಆದ್ರೆ ಮೊದಲನೆಯವರು ಅರ್ಧ ಪುಟದಲ್ಲಿ ಆಶೀರ್ವಾದ ಮಾಡಿಬಿಟ್ಟಿದ್ದಾರೆ. ಇನ್ನೊಬ್ಬರಿಗೆ ಕೊಟ್ರೂ ಅವರಿಗೆ ನಿಮಗೆ ಕಂಡದ್ದು ಕಾಣತ್ತಾ?”

ಕಾಣುವುದಿಲ್ಲ. ಲೋಕದಲ್ಲಿ ಇನ್ಯಾರಿಗೂ ಅದು ಕಾಣಲು ಸಾಧ್ಯವಿರಲಿಲ್ಲ. ಆ ಸಾಲು ಸುಳ್ಳೆಂದು ತಿಳಿಯಲು ಆ ಮಂಚದ ಮೇಲೆ ಮಲಗಿರಬೇಕಿತ್ತು.

“ಕೆರೆ ಅಳೆದವರ ಮಗಳು ಅನ್ನೋದನ್ನ ನನಗೊಬ್ಬಳಿಗೆ ಬರೆದು ಕೊಡಿ, ಅದನ್ನ ನಾನು ಇಟ್ಟುಕೋತೀನಿ” ಅಂದರು ಸಂಪಾದಕಿ. “ಬರೆದವರಿಗೆ ಕೇಳಬೇಕಾದ ಪ್ರಶ್ನೆ ಒಂದಿದ್ರೆ ಅದನ್ನ ಮಾತ್ರ ಕೇಳಿ. ತೀರ್ಪು ಕೊಡಬೇಡಿ.”

ಒಂದು ವಾರ ಒದ್ದಾಡಿದೆ. ತರಗತಿಯಲ್ಲಿ ಯಾರೋ ಆ ಮೊದಲ ವಾಕ್ಯದ ಅರ್ಥ ಕೇಳಿದಾಗ ಬೇರೆ ಪುಟ ತೆರೆಸಿದೆ. ಅಪ್ಪನ ಹೆಸರೋ, ಆ ಊರಿನ ನೀರೋ ಎಂದು ನನ್ನನ್ನೇ ಕೇಳಿಕೊಂಡೆ. ಹಾಗೆ ಕೇಳಿಕೊಂಡಾಗ ಉತ್ತರ ಗೊತ್ತಿತ್ತು, ಅದಕ್ಕೇ ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಕೇಳಿಕೊಂಡೆ. ಕೊನೆಗೆ ಬರೆದೆ. ಪುಸ್ತಕ ಯಾಕೆ ಒಳ್ಳೆಯದು ಎಂದು ಎರಡು ಪುಟ ಮನಸಾರೆ ಬರೆದೆ. ಕೊನೆಯಲ್ಲಿ ಹೀಗೆ ಸೇರಿಸಿದೆ: ‘ಆ ಬೇಸಿಗೆಯ ಅಳತೆಗಳು ಎಷ್ಟು ಸಮನಾಗಿವೆ ಎಂದರೆ ಅನುಮಾನ ಹುಟ್ಟುತ್ತದೆ. ಒರತೆ ಇದೆ ಎನ್ನುವ ಮುಂಚೆ, ಆ ದಿನಗಳಲ್ಲಿ ಅಳತೆಯನ್ನು ಕೆರೆಯ ಎದುರು ಕೂತೇ ತೆಗೆದದ್ದೇ ಎಂದು ಲೇಖಕರು ವಿಚಾರಿಸಬೇಕು.’ ಓದಿ ನೋಡಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಇದಕ್ಕಿಂತ ನೇರವಾಗಿ ಬರೆಯಲು ನನ್ನ ಕೈ ಏಳಲಿಲ್ಲ. ಹಾಗೇ ಕಳಿಸಿದೆ.

ಮಗಳಾಗಿ ಅಪ್ಪನಿಗೆ ದ್ರೋಹ ಮಾಡಿದೆ ಎಂಬ ಭಾವ ಆಮೇಲೆ ದಿನಾ ಇತ್ತು. ಕೆಳಗಿನ ಮನೆಗೆ ಹೋಗುತ್ತಿದ್ದೆ, ಔಷಧಿ ತಂದು ಕೊಡುತ್ತಿದ್ದೆ, ಬೇಕಾದಷ್ಟೇ ಮಾತಾಡುತ್ತಿದ್ದೆವು. ಅಪ್ಪ ಮತ್ತೆ ಹಲಗೆ ಬರೆಯಲು ಶುರು ಮಾಡಿದ್ದರು, ಆದರೆ ನನ್ನನ್ನು ಕಂಡರೆ ಸೀಮೆಸುಣ್ಣ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಮ್ಮ ನಮ್ಮಿಬ್ಬರ ನಡುವೆ ಅಂಚೆಯವಳ ಕೆಲಸ ಮಾಡಿ ಸಾಕಾಗಿದ್ದಳು.

ಮುಂದಿನ ತಿಂಗಳು ಒಂದು ದಿನ ಅಪ್ಪನೇ ಮೆಟ್ಟಿಲು ಹತ್ತಿ ಬಂದರು. ಮಂಡಿ ನೋವಿನವರು, ದಿನಾ ತೊಟ್ಟಿಗೆ ಇಳಿದು ಹತ್ತುವುದೇ ಅವರಿಗೆ ಹೆಚ್ಚು, ವರ್ಷಗಳಿಂದ ಮೇಲೆ ಬಂದವರಲ್ಲ. ಬಾಗಿಲಲ್ಲಿ ನಿಂತೇ ಹೇಳಿದರು.

“ಯಾರೋ ಸಂಶೋಧನೆ ಮಾಡೋ ಹುಡುಗಿ ಫೋನ್ ಮಾಡಿದ್ಲು. ಕೆರೆ ಬಗ್ಗೆ ಏನೋ ಕೇಳಬೇಕಂತೆ. ಭಾನುವಾರ ಬಾ ಅಂದಿದ್ದೀನಿ. ನೀನೂ ಬಾ.”

“ನಾನ್ಯಾಕೆ ಅಪ್ಪ?”

“ಬಾ ಅಂದ್ರೆ ಬಾ” ಎಂದು ಇಳಿದು ಹೋದರು.

ಭಾನುವಾರ ಬಂದ ಹುಡುಗಿಗೆ ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿಯರ ವಯಸ್ಸಿಗಿಂತ ಸ್ವಲ್ಪ ಹೆಚ್ಚಿರಬಹುದು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಅಪ್ಪನ ಎದುರು ಕುರ್ಚಿಯ ತುದಿಯಲ್ಲಿ ಕೂತಳು. ಅವಳ ಕಣ್ಣಲ್ಲಿದ್ದ ಭಕ್ತಿ ನೋಡಿ ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ನಾನು ಮಗಳು, ನನ್ನ ವಿಷಯವೂ ಇದೇ ಎಂದು ಅಮ್ಮ ಪರಿಚಯ ಮಾಡಿಕೊಟ್ಟಳು. ಹುಡುಗಿ ನನಗೂ ಕೈ ಮುಗಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

“ನಿಮ್ಮ ಪುಸ್ತಕ ಓದೇ ಸರ್ ನಾನು ಈ ವಿಷಯಕ್ಕೆ ಬಂದದ್ದು” ಅಂದಳು. “ನಿಮ್ಮನ್ನ ಇಂಥದ್ದು ಕೇಳೋಕೆ ನಾಚಿಕೆ ಆಗತ್ತೆ. ಪರಿಶೀಲನೆ ಮಾಡಿದವರು ಯಾರೋ ಒಂದು ಪ್ರಶ್ನೆ ಹಾಕಿದ್ದಾರೆ. ಆ ಬೇಸಿಗೇಲಿ ಅಳತೆ ನಿಜವಾಗ್ಲೂ ಕೆರೆ ಹತ್ತಿರ ಕೂತೇ ತೆಗೆದದ್ದಾ ಅಂತ. ಕೆಲವರಿಗೆ ಕೊಂಕು ತೆಗೆಯೋದೇ ಕೆಲಸ ಅಲ್ವಾ ಸರ್? ನೀವು ‘ಹೌದು’ ಅಂತ ಒಂದು ಮಾತು ಹೇಳಿಬಿಡಿ ಸಾಕು. ನಿಮ್ಮನ್ನ ಕೇಳಿದೆ ಅಂತ ಬರೆದು ಕಳಿಸ್ತೀನಿ, ಪುಸ್ತಕ ಅಚ್ಚಿಗೆ ಹೋಗತ್ತೆ.”

ಒಂದೇ ಮಾತು. ಅಮ್ಮ ಟೀ ಲೋಟಗಳನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಅಪ್ಪ ‘ಹೌದು’ ಎಂದರೆ ಎಲ್ಲ ಮುಗಿಯುತ್ತಿತ್ತು. ಅನ್ನಲಿ ಎಂದು ನನ್ನೊಳಗಿನ ಅರ್ಧ ಹಂಬಲಿಸಿತು, ಅದನ್ನು ಒಪ್ಪಿಕೊಳ್ಳುತ್ತೇನೆ.

“ಆ ಪುಟ ತಂದಿದ್ದೀಯೇನಮ್ಮ?”

ಹುಡುಗಿ ಅನುಬಂಧದ ಹಾಳೆ ಕೊಟ್ಟಳು. ಅಪ್ಪ ಭೂತಗನ್ನಡಿಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಬಹಳ ಹೊತ್ತು ನೋಡಿದರು. ಪೆನ್ನು ಕೇಳಿದರು. ಒಂದು ಸಾಲಿನ ಮೇಲೆ ಗೆರೆ ಎಳೆದರು, ಕೆಳಗೆ ಇನ್ನೊಂದು ಸಾಲಿನ ಮೇಲೆ ಎಳೆದರು.

“ಇಲ್ಲಿಂದ ಇಲ್ಲಿವರೆಗೆ ಇರೋದು ಅಳತೆ ಅಲ್ಲ. ನಾನು ಮನೇಲಿ ಕೂತು ತುಂಬಿದ್ದು.”

ಹುಡುಗಿಗೆ ಅರ್ಥವಾಗಲಿಲ್ಲ. ಅವಳು ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು.

“ಆಗ ನೀವು ಎಲ್ಲಿದ್ರಿ ಸರ್?”

“ಇವಳ ಹತ್ತಿರ ಇದ್ದೆ” ಎಂದು ಅಪ್ಪ ನನ್ನ ಕಡೆಗೆ ಕೈ ತೋರಿಸಿದರು. “ಆಸ್ಪತ್ರೇಲಿ. ಟೈಫಾಯ್ಡು. ಉಳಿಯೋದು ಕಷ್ಟ ಅಂದಿದ್ರು ಡಾಕ್ಟ್ರು. ಇವಳಿಗೆ ಇದು ಹೇಳಿಲ್ಲ ನಾವು.”

ನನಗೆ ಗೊತ್ತಿರಲಿಲ್ಲ. ಅಮ್ಮ ತಲೆ ತಗ್ಗಿಸಿದಳು.

“ಹಾಗಾದ್ರೆ ಒರತೆ?” ಹುಡುಗಿಯ ದನಿ ತೀರ ಸಣ್ಣದಾಗಿತ್ತು.

“ಒರತೆ ಇಲ್ಲಮ್ಮ. ಇದ್ರೂ ಈ ಸಾಲುಗಳಿಂದ ಗೊತ್ತಾಗಲ್ಲ.”

ಅವಳು ಅಳಲಿಲ್ಲ, ಅದೇ ನೋಡಲು ಕಷ್ಟವಾಯಿತು. ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು ಆ ಎರಡು ಗೆರೆಗಳ ನಡುವಿನ ಜಾಗವನ್ನೇ ನೋಡುತ್ತ ಕೂತಳು. ತನ್ನ ಇಷ್ಟು ವರ್ಷದ ಕೆಲಸ ಅದರಲ್ಲಿತ್ತು. ಆಮೇಲೆ ತಲೆಯೆತ್ತಿ, ಹಿರಿಯರೆಂಬ ಅಳುಕಿಲ್ಲದೆ ಕೇಳಿದಳು.

“ಖಾಲಿ ಬಿಡಬಹುದಿತ್ತಲ್ಲ ಸರ್?”

“ಬಿಡಬಹುದಿತ್ತು” ಅಂದರು ಅಪ್ಪ. “ಹೊಸ ಕೆಲಸ. ರಜೆ ಕೇಳದೇ ಓಡಿ ಬಂದಿದ್ದೆ. ಖಾಲಿ ಸಾಲು ಕಂಡ್ರೆ ಮೇಲಿನವರು ಕೇಳ್ತಾರೆ ಅಂತ ಹೆದರಿಕೆ. ಮುಂಚಿನ ಮಟ್ಟ ಗೊತ್ತಿತ್ತು, ಆಮೇಲಿನದ್ದೂ ಗೊತ್ತಿತ್ತು. ನಡುವೆ ಎಷ್ಟು ಮಹಾ ವ್ಯತ್ಯಾಸ ಆಗತ್ತೆ, ತಿಂಗಳ ಸರಾಸರಿ ತಾನೆ ಅಂದ್ಕೊಂಡೆ. ಆಮೇಲೆ ಪುಸ್ತಕ ಬರೆಯೋ ಹೊತ್ತಿಗೆ ಒಂದು ದಿನವೂ ತಪ್ಪಿಸಿಲ್ಲ ಅಂತ ನನಗೇ ನಂಬಿಕೆ ಬಂದುಬಿಟ್ಟಿತ್ತು.” ಅವರು ಭೂತಗನ್ನಡಿಯನ್ನು ಮಡಿಸಿ ಪಕ್ಕಕ್ಕಿಟ್ಟರು. “ನಿನ್ನ ತಪ್ಪು ಒಂದಿಷ್ಟೂ ಇಲ್ಲ. ಹಾಗಂತ ಪ್ರಕಾಶನಕ್ಕೂ ಸಂಸ್ಥೆಗೂ ನಾನೇ ಬರೆದು ಕೊಡ್ತೀನಿ. ಸಹಿ ನಡುಗತ್ತೆ, ಆದ್ರೆ ನನ್ನದೇ. ಆ ಪ್ರಶ್ನೆ ಕೇಳಿದವರು ಕೊಂಕು ತೆಗೆಯೋರಲ್ಲಮ್ಮ. ನಿನ್ನ ಪುಸ್ತಕಾನ ನಿಜವಾಗಿ ಓದಿದವರು ಅವರೊಬ್ರೇ.”

ಅಪ್ಪ ಹೇಳುತ್ತ ಹೋದಂತೆ ನಾನೇ ಆ ಕಾಗದವನ್ನು ಬರೆದೆ. ಎಲ್ಲಿಯೂ ಒಂದು ಶಬ್ದ ತಗ್ಗಿಸಲಿಲ್ಲ. ‘ಆ ದಿನಗಳಲ್ಲಿ ನಾನು ಕೆರೆಯನ್ನು ನೋಡಿಲ್ಲ, ನನ್ನ ಪುಸ್ತಕದ ಮೊದಲ ವಾಕ್ಯ ಸುಳ್ಳು’ ಎಂದು ಹೇಳುವಾಗ ಮಾತ್ರ ಅಮ್ಮ ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು. ಹುಡುಗಿ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಒರತೆ ಬಿಟ್ಟು ಉಳಿದದ್ದು ಗಟ್ಟಿಯಾಗಿದೆ, ಮತ್ತೆ ಬರೆಯಬಹುದು ಎಂದು ಹೇಳಲು ನಾಲಿಗೆ ತುರಿಸಿತು. ಆದರೆ ಅವಳ ಲೆಕ್ಕದಲ್ಲಿ ನಾನು ಓದಿಲ್ಲದ ಪುಸ್ತಕ ಅದು. ಮೆಟ್ಟಿಲವರೆಗೆ ಹೋಗಿ, ಹುಷಾರಾಗಿ ಇಳಿ ಎಂದಷ್ಟೇ ಹೇಳಿದೆ.

ಮುಂದಿನ ವರ್ಷದ ಮೊದಲ ತರಗತಿಯಲ್ಲಿ ಆ ವಾಕ್ಯವನ್ನು ಏನೆಂದು ಓದಬೇಕು ಎಂದು ಯೋಚಿಸುತ್ತಲೇ ವಾಪಸ್ಸು ಬಂದೆ. ಅಪ್ಪ ಅದೇ ಕುರ್ಚಿಯಲ್ಲಿದ್ದರು. ತೀರ ಚಿಕ್ಕವರಾಗಿ ಕಂಡರು. ನಾನು ಕೆಳಗೆ ಅವರ ಕಾಲಿನ ಹತ್ತಿರ ಕೂತೆ, ದೊಡ್ಡವಳಾದ ಮೇಲೆ ಹಾಗೆ ಕೂತದ್ದೇ ಇಲ್ಲ.

“ಆ ಪ್ರಶ್ನೆ ಕೇಳಿದ್ದು ನೀನೇ ಅಲ್ವಾ?”

“ಹೇಳೋ ಹಾಗಿಲ್ಲ ಅಪ್ಪ.”

“ಸರಿ, ಹೇಳಬೇಡ.”

ಅವರ ಕೈ ನನ್ನ ತಲೆಯ ಮೇಲೆ ಬಂದು ಕೂತಿತು. ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಇತ್ತು.

“ಸ್ಕೇಲು ನಾನೇ ನಿಲ್ಲಿಸಿದ್ದು” ಅಂದರು. “ಆಸ್ಪತ್ರೆ ಅಂಗಡೀಲಿ ತಂದಿದ್ದೆ. ಮಾವ ಅಂದೆನಲ್ಲ, ಅದು ತಪ್ಪಾಯ್ತು.”

ನಾನು ತಲೆಯನ್ನು ಅವರ ಮಂಡಿಗೆ ಆನಿಸಿದೆ.

“ನಿನ್ನ ಹುಟ್ಟಿದ ದಿನ ಮಳೆ ಬಂತಲ್ಲ” ಅಂದರು ಅಪ್ಪ. “ಕೆರೆಗೆ ಎಷ್ಟು ನೀರು ಬಂದಿರತ್ತೆ ಅಂತ ಕೇಳಿದೆ ನೀನು. ಅದು ನನಗೆ ಇವತ್ತಿಗೂ ಗೊತ್ತಿಲ್ಲ.”